ಹುಣಸೆಹಣ್ಣು ಹಚ್ಚಿ ತೊಳೆದ ಎರಡು ಪೈ

ನಾನು ಸಾಲಿ ಬಿಟ್ಟದ್ದು ೧೯೮೮ರಲ್ಲಿ, ಮಸ್ಕಿಯಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಆದರೆ ನನ್ನ ಅಕ್ಷರ ದುಂಡಗಿದ್ದವು. ಅದನ್ನು ನೋಡಿಯೇ ಸಿಂಧನೂರಿನ ಬಾಂಡೆ ಅಂಗಡಿ ಸಾವಕಾರರು ನನ್ನನ್ನು ಹೆಸರು ಹಾಕುವ ಕೆಲಸಕ್ಕೆ ಇಟ್ಟುಕೊಂಡರು. ಮದುವೆಯಲ್ಲಿ ಮುಯ್ಯಿ ಕೊಡುವ ಕೊಡ, ತಾಟು, ತಂಬಿಗೆಯ ಮೇಲೆ ಕೊಟ್ಟವರ ಹೆಸರು ಕೊರೆಯುವುದು. ಕರೆಂಟಿನ ಸೂಜಿ ಹಿಡಿದು ಮೂವತ್ತೈದು ವರ್ಷದ ಮೇಲಾಯಿತು. ಕನ್ನಡ, ತೆಲುಗು, ಉರ್ದು ಎಲ್ಲ ಕೊರೆದಿದ್ದೇನೆ. ಉರ್ದು ಓದಲು ಬರುವುದಿಲ್ಲ. ಚೀಟಿಯಲ್ಲಿ ಬರೆದುಕೊಟ್ಟರೆ ಚುಕ್ಕಿ ಸಮೇತ ಇಳಿಸುತ್ತೇನೆ. ತಾಲೂಕಿನ ಅಡುಗೆಮನೆಗಳಲ್ಲೆಲ್ಲ ನನ್ನ ಕೈ ಇದೆ, ನನ್ನ ಹೆಸರು ಎಲ್ಲೂ ಇಲ್ಲ. ನಮ್ಮ ಮನೆಯ ಬಾಂಡೆಗಳ ಮೇಲೂ ಇರುವುದು ಹೆಂಡತಿಯ ತವರಿನವರ ಹೆಸರು.

ಹತ್ತು ವರ್ಷದ ಕೆಳಗೆ ಲಿಂಗಸುಗೂರಿನ ರಿಟೈರ್ಡ್ ಮಾಸ್ತರೊಬ್ಬರು ತಂಬಿಗೆಗೆ ಹೆಸರು ಹಾಕಿಸಲು ಬಂದರು. ಹಳೆ ನಾಣ್ಯ ಕೂಡಿಸುವ ಹುಚ್ಚು ಅವರಿಗೆ. ಜೇಬಿನಿಂದ ಒಂದು ನಾಲ್ಕಾಣೆ ತೆಗೆದು ನನ್ನ ಭೂತಗನ್ನಡಿ ಕೇಳಿದರು.

"ನೋಡ್ ತಮ್ಮಾ, ಇದರ ಮ್ಯಾಲ ಅಕ್ಷರ ಎರಡೆರಡು ಕಾಣ್ತಾವ."

ನಾನೂ ನೋಡಿದೆ. "ಇದು ಖರೇ ಜೋಡಿ ಅಲ್ರಿ. ನಾಣ್ಯ ಹೊಡಿಯೋ ಮುಂದ ಮಶೀನ್ ಜಿಗದೈತಿ. ನನ್ನ ಸೂಜಿನೂ ಹಿಂಗ ಜಿಗೀತೈತಿ."

ಮಾಸ್ತರು ನನ್ನ ಮುಖ ನೋಡಿದರು. ಇದು ತಿಳಿಯಲು ತಮಗೆ ವರ್ಷಗಳೇ ಹಿಡಿದವು ಅಂದರು. ನನಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಮಶೀನು ಜಿಗಿದರೆ ಅಕ್ಷರದ ಪಕ್ಕ ಚಪ್ಪಟೆಯಾಗಿ ಒಂದು ಮೆಟ್ಟಿಲು ಏಳುತ್ತದೆ, ಅಷ್ಟೆ. ಅದಕ್ಕೆ ಕಿಮ್ಮತ್ತಿಲ್ಲ. ಟಂಕಸಾಲೆಯ ಅಚ್ಚಿನಲ್ಲೇ ಅಕ್ಷರ ಎರಡು ಸಲ ಬಿದ್ದಿದ್ದರೆ ಎರಡೂ ಗೆರೆ ದುಂಡಗೆ ಉಬ್ಬಿರುತ್ತವೆ; ಅಕ್ಷರದ ತುದಿ ಎತ್ತಿನ ಗೊರಸಿನ ಹಾಗೆ ಸೀಳಿರುತ್ತದೆ. ಅದೇ ಖರೇ ಜೋಡಿ. ಆ ಗೊರಸು ಸಿಗುವುದು ಬಲು ಅಪರೂಪ.

ಕರೆದರೆಂದು ಲಿಂಗಸುಗೂರಿಗೆ ಹೋದೆ. ಮಾಸ್ತರ ಮನೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಯಾವ ನಾಣ್ಯ, ಏನು ತಪ್ಪು, ಮೊದಲು ಯಾರು ಗುರುತಿಸಿದರು, ಎಲ್ಲ ಅದರಲ್ಲಿ. ಮುಂದೆ ಅದನ್ನು ಪುಸ್ತಕ ಮಾಡಿಸುವವರಿದ್ದರು. "ನೀ ಒಂದ ಒಂದು ಖರೇ ಜೋಡಿ ತಾ, ನಿನ್ನ ಹೆಸರು ಇದರಾಗ ಬರೀತೀನಿ" ಅಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅದೊಂದೇ ಮಾತು ಕಿವಿಯಲ್ಲಿತ್ತು. ಅಚ್ಚಾದ ಪುಸ್ತಕದಲ್ಲಿ ಹೆಸರು.

ಆಮೇಲೆ ತಿಂಗಳಿಗೊಮ್ಮೆ ಲಿಂಗಸುಗೂರಿಗೆ ಹೋಗುತ್ತಿದ್ದೆ. ಮಾಸ್ತರು ಏನಾದರೂ ವಿವರಿಸಲು ಬಾಯಿ ತೆರೆದರೆ ನಾನು "ಗೊತ್ತೈತ್ರಿ" ಅನ್ನುತ್ತಿದ್ದೆ. ಸಾಲಿ ಬಿಟ್ಟವರ ಬಾಯಲ್ಲಿ ಈ ಮಾತು ತುದಿಯಲ್ಲೇ ಇರುತ್ತದೆ. ಗೊತ್ತಿಲ್ಲ ಅಂದರೆ ಮತ್ತೆ ಬೆಂಚಿನ ಮೇಲೆ ನಿಂತ ಹಾಗೆ. ನಾಣ್ಯ ಹೇಗೆ ಇಟ್ಟುಕೊಳ್ಳಬೇಕು ಅಂತ ಅವರು ಒಮ್ಮೆ ಶುರು ಮಾಡಿದ್ದು ನೆನಪಿದೆ. ಆಗಲೂ "ಗೊತ್ತೈತ್ರಿ" ಅಂದೆ.

ಅಂಗಡಿಗೆ ಹಳೇ ತಾಮ್ರ, ಹಿತ್ತಾಳಿಯ ಮೋಡಕಾ, ಅಂದರೆ ಗುಜರಿ ಸಾಮಾನು, ಬರುತ್ತಿತ್ತು. ಸಂತೆಕಲ್ಲೂರು, ದಢೇಸುಗೂರು ಕಡೆಯವರು ಅಜ್ಜಿಯ ಕಾಲದ ಹಂಡೆ ಕೊಟ್ಟು ಸ್ಟೀಲು ಒಯ್ಯುವರು. ಕೆಲವು ಹಂಡೆಗಳ ತಳದಲ್ಲಿ ಚಿಲ್ಲರೆ ಇರುತ್ತಿತ್ತು. ಒಂದೂ ಬಿಡದೆ ನೋಡುತ್ತಿದ್ದೆ. ಸಾವಕಾರರು ಗಿರಾಕಿಗಳ ಮುಂದೆಯೇ ನಗುವರು: "ದೇಖೋ ಭಾಯ್, ಏಳನೇತ್ತ ದಾಟಲಾರದವ ಟಂಕಸಾಲಿ ಪೇಪರ್ ತಿದ್ದಾಕತ್ತಾನ!"

"ತಪ್ಪು ಮಾಡಿದವರು ಕಲ್ತವರ ಅಲ್ಲೇನ್ರಿ ಸಾವ್ಕಾರ್ರ" ಅನ್ನುತ್ತಿದ್ದೆ.

ಏಳು ವರ್ಷ ಹೀಗೇ ಹೋಯಿತು. ಸಿಕ್ಕಿದ್ದೆಲ್ಲ ಮಶೀನು ಜಿಗಿದವು.

ಎಂಟನೇ ವರ್ಷ ಮಸ್ಕಿಯಿಂದ ಒಬ್ಬ ಅಮ್ಮ ತಾಮ್ರದ ಕೊಡ ತಂದರು. ತಳದಲ್ಲಿ ಹಸಿರು ಕಿಲುಬಿನ ಜೊತೆ ಒಂದು ನಾಣ್ಯ ಅಂಟಿಕೊಂಡಿತ್ತು. ಹಳೇ ಹೈದರಾಬಾದ್ ಸೀಮೆಯ ಎರಡು ಪೈ ಬೆಲೆಯ ನಾಣ್ಯ, ಉರ್ದು ಅಕ್ಷರದ್ದು. ಕಿತ್ತು ಅವರ ಕೈಗೆ ಕೊಡಹೋದೆ.

"ನೀನ ಇಟ್ಕೊಳಪ್ಪಾ. ಅದಕ್ಕ ಒಂದು ಪೆಪ್ಪರ್‌ಮೆಂಟ್ ಸೈತ ಬರಂಗಿಲ್ಲ."

ಭೂತಗನ್ನಡಿ ಹಿಡಿದೆ. ಓದಲು ಬಾರದ ಅಕ್ಷರ. ಅದಕ್ಕೇ ಏನೋ ಬರೀ ಗೆರೆ ಕಂಡವು. ಎರಡು ದುಂಡನೆಯ ಗೆರೆ, ತುದಿಯಲ್ಲಿ ಗೊರಸು. ಚುಕ್ಕಿ ಕೂಡ ಎರಡೆರಡು. ಆ ದಿನ ನನ್ನ ಸೂಜಿ ಒಂದು ತಾಟಿನ ಮೇಲೆ ಜಿಗಿಯಿತು. ಮೂವತ್ತು ವರ್ಷದಲ್ಲಿ ಅಪರೂಪ ಅದು.

ಮರುದಿನ ಬೆಳಿಗ್ಗೆ ಲಿಂಗಸುಗೂರಿಗೆ ಹೊರಡಬೇಕು. ಪೈ ನೋಡಿದರೆ ಕಿಲುಬು ಹಿಡಿದು ಹೊಲಸಾಗಿತ್ತು. ನಮ್ಮ ಕೆಲಸದಲ್ಲಿ ಬಾಂಡೆ ಒರೆಸದೆ ಯಾರ ಕೈಗೂ ಕೊಡುವುದಿಲ್ಲ. ಹುಣಸೆಹಣ್ಣು, ಉಪ್ಪು, ಮೇಲೆ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದೆ. ಹೆಂಡತಿ ಬಂದು ನಿಂತು ನೋಡಿದಳು.

"ದೇವರ ಸಾಮಾನು ತಿಕ್ಕಿದಂಗ ತಿಕ್ಕಾಕತ್ತೀರಲ್ರೀ. ನಮ್ಮ ಮನಿ ತಂಬಿಗಿ ಒಂದಿನ ಹಿಂಗ ತಿಕ್ಕೀರೇನು?"

"ಇದರಾಗ ನನ್ನ ಹೆಸರೈತಿ, ಸುಮ್ನಿರು" ಅಂದೆ. ಪೈ ಬಂಗಾರದ ಹಾಗೆ ಹೊಳೆಯಿತು. ಹೊಸ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮಾಸ್ತರು ಗಂಟು ಬಿಚ್ಚಿ, ಪೈಯನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು.

"ತಿಕ್ಕೀಯೇನಪಾ?"

"ಹೌದ್ರಿ. ಹೊಲಸಿತ್ತು."

"ಎದರಿಂದ?"

ಹೇಳಿದೆ. ಅವರು ಕಣ್ಣು ಮುಚ್ಚಿದರು. ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಗೊರಸು ಇರಲಿಲ್ಲ. ಇಟ್ಟಂಗಿ ಪುಡಿ ತುದಿಗಳನ್ನೆಲ್ಲ ತಿಂದಿತ್ತು. ಎರಡು ಗೆರೆ ಕೂಡಿ ಒಂದು ದಪ್ಪ ಗೆರೆಯಾಗಿತ್ತು.

"ಮೊದಲಿಂದು ಫೋಟೋ ಐತೇನು?"

"ನಂದು ಗುಂಡಿ ಫೋನ್ ರೀ."

"ತಿಕ್ಕಿದ ನಾಣ್ಯ ಸತ್ತಂಗ ತಮ್ಮಾ. ಕಿಲುಬು ಅದರ ಚರ್ಮ."

"ಒಂದ್ ಮಾತು ಮೊದಲ ಹೇಳಬಹುದಿತ್ತಲ್ರೀ ಮಾಸ್ತರ."

"ಹೇಳಾಕ ಬಂದಿದ್ದೆ. ನೀ ಗೊತ್ತೈತಿ ಅಂದಿ."

ಅವರು ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಹೆಚ್ಚು ನಟ್ಟಿತು. ರಿಜಿಸ್ಟರ್ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ನೀ ಕಂಡಿದ್ದಿ ಅಂದ್ರ ಇದ್ದೀತು. ನಾ ನಂಬ್ತೀನಿ, ಬರದ ಬಿಡ್ತೀನಿ."

"ಬ್ಯಾಡ್ರಿ" ಅಂದೆ. ಕನಿಕರಕ್ಕೆ ಹಾಕಿಸಿಕೊಂಡ ಹೆಸರು ಹೇಗಿರುತ್ತದೆ ಅಂತ ನನಗೆ ನಿಜವಾಗಿ ಗೊತ್ತಿತ್ತು. ಪೈ ಕಟ್ಟಿಕೊಂಡು ಎದ್ದೆ. ಚಹಾ ಕುಡಿದು ಹೋಗು ಅಂದರು, ಕುಡಿಯಲಿಲ್ಲ. ಆಮೇಲೆ ಲಿಂಗಸುಗೂರಿಗೆ ಹೋಗಿಲ್ಲ.

ಇನ್ನೊಂದು ಸಿಗುತ್ತದೆ ಅಂತ ಹೆಂಡತಿ ಅನ್ನುತ್ತಾಳೆ. ಎಲ್ಲಿಂದ ಸಿಗಬೇಕು? ಈ ಕಡೆಯ ಮನೆಗಳಲ್ಲಿ ತಾಮ್ರ ಮುಗಿಯಿತು, ಈಗ ಮೋಡಕಾಕ್ಕೆ ಬರುವುದೂ ಸ್ಟೀಲೇ. ಹೆಸರು ಹಾಕಲು ಸಾವಕಾರರ ಮಗ ಕಂಪ್ಯೂಟರ್ ಮಶೀನು ತಂದಿದ್ದಾನೆ. ಅದು ಜಿಗಿಯುವುದಿಲ್ಲ. ನನಗೂ ಸಣ್ಣ ಗೆರೆ ಈಗ ಕಲಸಿದಂತೆ ಕಾಣುತ್ತವೆ.

ಈಗ ನನ್ನ ಹತ್ತಿರ ಇರುವುದು ಒಂದು ಸೂಜಿ ಮಶೀನು, ಒಂದು ಭೂತಗನ್ನಡಿ, ಮಶೀನು ಜಿಗಿದ ನಲವತ್ತೊಂದು ನಾಣ್ಯ, ಮತ್ತು ಹೊಳೆಯುವ ಎರಡು ಪೈ ಒಂದು.