ರೇಷ್ಮೆ ಬಲೆಗೊಂದು ನಿಯಮ

ಎಂಬತ್ತರ ದಶಕದ ನಡುವಿನ ಮಾತು. ಕೋಲಾರದ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾವು ನಾಲ್ಕು ಜನ, ಎಲ್ಲರೂ ಡಿಗ್ರಿ ಓದುತ್ತಿದ್ದವರು. ನಾನು ಹುತ್ತೂರಿನ ಕಡೆಯ, ರೇಷ್ಮೆ ಹುಳು ಸಾಕುವ ಮನೆಯವಳು. ಉಳಿದವರಲ್ಲಿ ಒಬ್ಬಳು ಶ್ರೀನಿವಾಸಪುರದವಳು, ಒಬ್ಬಳು ಮುಳಬಾಗಿಲಿನವಳು, ಇನ್ನೊಬ್ಬಳು ಶಿವಾರಪಟ್ಟಣದ ವಿಗ್ರಹ ಕೆತ್ತುವವರ ಮಗಳು. ಹೆಸರು ಹೇಳಿದರೆ ಮೂವರೂ ಜಗಳಕ್ಕೆ ಬರುತ್ತಾರೆ, ಊರೇ ಸಾಕು.

ಶ್ರೀನಿವಾಸಪುರದವಳ ಅಣ್ಣ ಹಡಗಿನ ಕೆಲಸದಲ್ಲಿದ್ದ. ಯಾವುದೋ ಬಂದರಿನಿಂದ ಅವನು ತಂದುಕೊಟ್ಟ ಇಂಗ್ಲಿಷ್ ಪುಸ್ತಕದಲ್ಲಿ ಒಂದು ವಿಚಿತ್ರ ಆಟವಿತ್ತು. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ಕಾಡು, ಕೋಟೆ, ರಾಕ್ಷಸರು, ನಿಧಿ. ಏನು ಮಾಡುತ್ತೀಯ ಎಂದು ಕೇಳಿದಾಗ ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಹತ್ತಿರ ದಾಳ ಇರಲಿಲ್ಲ. ಆರು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಂಡೆವು. ಕಡೇಪಕ್ಷ ನಾಲ್ಕು ಬಿಳಿ ಬಿದ್ದರೆ ಕೆಲಸ ಆದಂತೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಕೂತರೆ ಬಟ್ಟೆ ಒಗೆಯುವುದು ಕೂಡ ಮರೆತುಹೋಗುತ್ತಿತ್ತು.

ಪುಸ್ತಕ ಶ್ರೀನಿವಾಸಪುರದವಳದ್ದು, ಇಂಗ್ಲಿಷ್ ಅವಳದ್ದು, ಹಾಗಾಗಿ ಕಥೆಯೂ ಅವಳದ್ದೇ. ಅವಳು ಓದಿ ಹೇಳಿದ್ದನ್ನು ನಾವು ನಂಬಬೇಕು. ನಾನೋ ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವಳು. ಅದನ್ನು ಅವಳು ತಿಂಗಳಿಗೆ ಎರಡು ಸಲವಾದರೂ ನೆನಪಿಸುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಕಥೆ ಏಳು ಹೆಡೆಯ ಸರ್ಪದ ಗುಹೆಯ ಹತ್ತಿರ ಬಂದಿತ್ತು. ಉಳಿದಿಬ್ಬರು ಕಥೆಯೊಳಗಿನ ಪೇಟೆಯಲ್ಲಿ ಕತ್ತಿ ಕೊಂಡರು. ನನ್ನ ಪಾತ್ರ ಒಬ್ಬ ನೇಕಾರ ಹೆಂಗಸು. ನಾನು ಕತ್ತಿ ಕೊಳ್ಳುವುದಿಲ್ಲ, ರೇಷ್ಮೆಯ ಬಲೆ ಹೆಣೆದು ಏಳು ಹೆಡೆಯನ್ನೂ ಒಟ್ಟಿಗೆ ಹಿಡಿಯುತ್ತೇನೆ ಎಂದೆ. ಶ್ರೀನಿವಾಸಪುರದವಳು ಪುಸ್ತಕ ತಿರುವಿ ಹಾಕಿದಳು. ಅದರಲ್ಲಿ ಕೊಳ್ಳುವುದಕ್ಕೆ ಉದ್ದದ ಪಟ್ಟಿ ಇತ್ತು, ಕೈಯಾರೆ ಮಾಡುವುದಕ್ಕೆ ಒಂದು ಸಾಲೂ ಇರಲಿಲ್ಲ.

"ಬುಕ್ಕಲ್ಲಿ ಇಲ್ಲ ಅಂದ್ರೆ ಇಲ್ಲ ಕಣೇ. ಬೇಕಾದ್ರೆ ನೀನೇ ಬರಿ. ಇಂಗ್ಲಿಷ್ ಬುಕ್ಕಿಗೆ ಹುತ್ತೂರಿನ ರೂಲ್ಸು, ನೋಡೇ ಬಿಡಾಣ."

ಮುಳಬಾಗಿಲಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬರೆದೇ ಬರೆಯುತ್ತೇನೆ, ಅದೇ ಪುಸ್ತಕಕ್ಕೆ ಸೇರಿಸುತ್ತೇನೆ ಎಂದು ನಾನು ಅಲ್ಲೇ ಹಠ ಹಿಡಿದೆ. ಬರೆಯದಿದ್ದರೆ ನನ್ನ ನೇಕಾರಳು ಬರಿಗೈಯಲ್ಲಿ ಗುಹೆಗೆ ಹೋಗಬೇಕಿತ್ತು, ನಾನು ಕೋರ್ಸು ಮುಗಿಯುವ ತನಕ ಆ ಮಾತು ಕೇಳಬೇಕಿತ್ತು.

ಮೊದಲು ಬರೆದ ನಿಯಮ ಸುಲಭದ್ದು. ಸಾಮಾನು ತಂದು, ಕಥೆಯೊಳಗೆ ಹತ್ತು ದಿನ ದುಡಿದು, ಕೊನೆಗೆ ಬೀಜ ಹಾಕು. ನಾಲ್ಕು ಬಿಳಿ ಬಿದ್ದರೆ ವಸ್ತು ತಯಾರು. ಆಡಿ ನೋಡಿದರೆ ಹತ್ತು ದಿನದ ದುಡಿಮೆ ಒಂದೇ ಎಸೆತಕ್ಕೆ ಮಣ್ಣುಪಾಲು. ಮುಳಬಾಗಿಲಿನವಳು ಮಾಡಹೊರಟ ಕೊಡಲಿ ಮೂರು ಸಲ ಹಾಳಾಯಿತು. ಅವಳು ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಎರಡನೆಯ ನಿಯಮ ಬರೆಯುವಾಗ ನಾನು ನಮ್ಮ ಹುಳುಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ಏನನ್ನಾದರೂ ಬೆಳೆಸಿ ಪೂರ್ತಿ ಮಾಡುವುದೆಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಮುಟ್ಟಬಾರದು. ಕಾಲು ತೊಳೆಯದೆ ಒಳಗೆ ಬರಬಾರದು, ಘಾಟು ವಾಸನೆ ತಾಗಬಾರದು. ಇದನ್ನೆಲ್ಲ ಚಾಚೂ ತಪ್ಪದೆ ಕತ್ತಿಗೂ ಗುರಾಣಿಗೂ ಬರೆದುಬಿಟ್ಟೆ. ಕತ್ತಿ ನಾಲ್ಕು ಜ್ವರ ಕಳೆಯಬೇಕು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಕತ್ತಿ ಕೆಟ್ಟಿತು.

ಶಿವಾರಪಟ್ಟಣದವಳದು ಮಾತು ಕಮ್ಮಿ. ಅವತ್ತು ಹಾಳೆಯನ್ನು ಎರಡು ಸಲ ಓದಿ, ಕಬ್ಬಿಣಕ್ಕೆ ಮೆಣಸಿನಕಾಯಿ ಘಾಟು ಹೇಗೆ ತಾಗುತ್ತದೆ ಎಂದು ಗಂಭೀರವಾಗಿ ಕೇಳಿದಳು. ಕೋಣೆಯೆಲ್ಲ ನಗು. ಶ್ರೀನಿವಾಸಪುರದವಳು ತೆಲುಗಿಗಿಳಿದು ಏನೇನೋ ಅಂದಳು, ನನಗೆ ತೆಲುಗು ಬರುತ್ತದೆ ಎಂಬುದನ್ನು ಮರೆತು. ನಾನು ಹಾಳೆ ಕಿತ್ತುಕೊಂಡು ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಅತ್ತುಬಿಟ್ಟೆ ಕೂಡ, ಸುಳ್ಳು ಯಾಕೆ ಹೇಳಲಿ.

ಶಿವಾರಪಟ್ಟಣದವಳು ಹಿಂದೆಯೇ ಬಂದಳು. ಸಮಾಧಾನ ಹೇಳಲಿಲ್ಲ. ಜ್ವರದ ಮಾತು ಸರಿಯಿದೆ, ಒಗ್ಗರಣೆ ತೆಗೆ ಎಂದಳು. ಆಮೇಲೆ ತನ್ನ ಮನೆಯ ಕೆಲಸದ ಬಗ್ಗೆ ಹೇಳಿದಳು. ಅವರಲ್ಲಿ ವಿಗ್ರಹ ಮುಗಿದ ಮೇಲೆ ಅದೃಷ್ಟ ನೋಡುವುದಿಲ್ಲವಂತೆ. ಉಳಿ ಇಡುವ ಮೊದಲೇ ಕಲ್ಲನ್ನು ತಟ್ಟಿ ಕಿವಿಗೊಟ್ಟು ಕೇಳುತ್ತಾರಂತೆ. ಗಂಟೆಯ ಹಾಗೆ ನಾದ ಬಂದರೆ ಕಲ್ಲು ಗಟ್ಟಿ, ಒಡಕು ದನಿ ಬಂದರೆ ಒಳಗೆಲ್ಲೋ ಬಿರುಕು.

"ನಮ್ ತಾತ ಹೇಳ್ತಾರೆ, ಅದೃಷ್ಟ ಏನಿದ್ರೂ ಕಲ್ಲು ಆರಿಸೋ ತನಕ. ಆಮೇಲಿಂದೆಲ್ಲ ಕೈಯದೇ ಜವಾಬ್ದಾರಿ."

ನನಗೆ ತಟ್ಟನೆ ನಮ್ಮ ಹುಳುಮನೆ ನೆನಪಾಯಿತು. ನಮ್ಮಜ್ಜಿಯೂ ಅದನ್ನೇ ಮಾಡುತ್ತಿದ್ದಳಲ್ಲ. ಗೂಡು ಬಿಡಿಸಿದಾಗ ಒಂದೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಲಗಲ ಎಂದರೆ ಒಳ್ಳೆಯ ಗೂಡು, ಸದ್ದಿಲ್ಲದಿದ್ದರೆ ಜಳ್ಳು. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ನನಗೆ ಕಂಡಿರಲಿಲ್ಲ. ಬೀಜ ಹಾಕಬೇಕಾದ್ದು ಕೊನೆಯಲ್ಲಲ್ಲ, ಮೊದಲಲ್ಲಿ.

ಮೂರನೆಯ ನಿಯಮವನ್ನು ಬಾವಿಕಟ್ಟೆಯ ಮೇಲೇ ಬರೆದೆ. ಮೊದಲು ಸಾಮಾನನ್ನು ಪರೀಕ್ಷೆ ಮಾಡಿ ಬೀಜ ಹಾಕು. ಒಡಕು ಬಂದರೆ ಬಿಟ್ಟು ಬೇರೆ ಹುಡುಕು, ದಿನ ಹೋಗುತ್ತದೆ ಅಷ್ಟೆ. ನಾದ ಬಂದರೆ ಕೆಲಸ ಶುರು. ನಡುವೆ ನಾಲ್ಕು ಜ್ವರ, ಆ ದಿನಗಳಲ್ಲಿ ಕೈ ಹಾಕುವಂತಿಲ್ಲ, ಕಾಯಬೇಕು. ಕಾದು ಮುಗಿಸಿದ ವಸ್ತುವಿಗೆ ಮತ್ತೆ ಬೀಜ ಇಲ್ಲ.

ಮುಂದಿನ ಭಾನುವಾರ ಆಟ. ಮುಳಬಾಗಿಲಿನವಳಿಗೆ ತಾಳ್ಮೆಯೆಲ್ಲಿ. ಮೂರನೆಯ ಜ್ವರದಲ್ಲೇ ಕೊಡಲಿಗೆ ಕೈ ಹಾಕಿದಳು, ಹಿಡಿ ಬಿರುಕು ಬಿಟ್ಟಿತು. ನಾನು ಮೂರು ಸಲ ಗೂಡು ತಿರಸ್ಕರಿಸಿದೆ. ನಾಲ್ಕನೆಯ ಸಲ ಐದು ಬಿಳಿ ಬಿತ್ತು. ಹೆಣೆದೆ, ಕಾದೆ, ಹೆಣೆದೆ. ಅಷ್ಟರಲ್ಲಿ ಉಳಿದಿಬ್ಬರು ಗುಹೆಗೆ ನುಗ್ಗಿ, ಪೇಟೆಯ ಕತ್ತಿಗಳೆಲ್ಲ ಮುರಿದು, ಮೂಲೆಯಲ್ಲಿ ಸಿಕ್ಕಿಬಿದ್ದಿದ್ದರು. ನನ್ನ ನೇಕಾರಳು ಬಾಗಿಲಲ್ಲಿ ನಿಂತು ಬಲೆ ಬೀಸಿದಳು. ಬೀಸಿದ್ದಕ್ಕೆ ಬೀಜ ಹಾಕಿದೆ, ನಾಲ್ಕು ಬಿಳಿ, ಬಲೆ ಏಳು ಹೆಡೆಯ ಮೇಲೂ ಬಿತ್ತು.

ಸರ್ಪ ಒದ್ದಾಡುತ್ತಿದೆ, ಬಲೆ ಹರಿಯಿತೋ ಇಲ್ಲವೋ ಬೀಜ ಹಾಕು ಎಂದಳು ಶ್ರೀನಿವಾಸಪುರದವಳು. ಬಲೆ ಹರಿಯಲಿ ಎಂಬ ಆಸೆ ಅವಳ ಕಣ್ಣಲ್ಲಿ ಕಾಣುತ್ತಿತ್ತು. ಈ ಸಲ ನಾನು ಬೀಜ ಮುಟ್ಟಲಿಲ್ಲ.

"ಹಾಕಲ್ಲ ಕಣೇ. ಗೂಡು ಆರಿಸಿದಾಗಲೇ ಹಾಕಾಯ್ತು. ನಾಲ್ಕು ಜ್ವರಾನೂ ಕಾದಿದ್ದೀನಿ. ಈ ಬಲೆ ಹರಿಯಲ್ಲ."

ಅವಳು ನನ್ನ ಹಾಳೆ ತೆಗೆದುಕೊಂಡು ಓದಿದಳು. ಮೊದಲಿನಿಂದ ಮತ್ತೊಮ್ಮೆ ಓದಿದಳು. ಎಲ್ಲಿಯೂ ಸಂದು ಸಿಗಲಿಲ್ಲ. ಸರ್ಪ ಸೋತಿತು ಎಂದು ಅವಳು ಹೇಳುವ ಮೊದಲೇ ಮುಳಬಾಗಿಲಿನವಳು ನನ್ನನ್ನು ಎತ್ತಿಕೊಂಡು ಕೋಣೆ ತುಂಬ ಕುಣಿದಳು. ವಾರ್ಡನ್ ಬಂದು ಬೈದರು, ನಾವು ನಗುತ್ತಲೇ ಬೈಸಿಕೊಂಡೆವು. ಮುಂದೆ ಕೊನೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಲಿಲ್ಲ.

ಗದ್ದಲ ತಣ್ಣಗಾದ ಮೇಲೆ ನೋಡಿದರೆ ಶ್ರೀನಿವಾಸಪುರದವಳು ಪುಸ್ತಕದ ಕೊನೆಯ ಖಾಲಿ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹಾಳೆ ಕೊಡಲು ಹೋದರೆ ಬೇಡ ಎಂದಳು.

"ನೀನೇ ಹೇಳು, ಬರ್ಕೋತೀನಿ. ಮೆಲ್ಲಗೆ ಹೇಳೇ, ಒಂದಕ್ಷರಾನೂ ಬಿಟ್ಟೋಗಬಾರದು."

ನಾನು ಬೇಕೆಂದೇ ತುಂಬಾ ಮೆಲ್ಲಗೆ ಹೇಳಿದೆ. ಅವಳು ತಲೆ ಎತ್ತದೆ ಬರೆದುಕೊಂಡಳು, ಕನ್ನಡದಲ್ಲಿ.