ನಿಮಿಷ ಕಾಯುವ ನಿದ್ದೆ ಅಕ್ಕ

ಬೆಳಗಿನ ಐದೂವರೆ. ಕಣ್ಣಾಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಇನ್ನೂ ಒಂದೇ ದೀಪ. ಮಕ್ಕಳ ಮುಖಕ್ಕೆ ಹಿಡಿಯುವ ಪುಟ್ಟ ಮಾಸ್ಕನ್ನು ಆಕೆ ತಮ್ಮ ಕೆನ್ನೆಗೆ ಒತ್ತಿ, ಗಾಳಿ ಸೋರುತ್ತದೆಯೇ ಎಂದು ನೋಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ನಿಂತು ನಿಂತು ಮಂಡಿ ಸವೆದಿದೆ. ಹುದ್ದೆ ಅರಿವಳಿಕೆ ಸಹಾಯಕಿ. ಆಸ್ಪತ್ರೆಗೆಲ್ಲ ಆಕೆ ‘ನಿದ್ದೆ ಅಕ್ಕ’.

ದಿನಕ್ಕೆ ಎಂಟೊಂಬತ್ತು ಮಕ್ಕಳು. ಕಣ್ಣಿನೊಳಗಿನ ಒತ್ತಡ ಹೆಚ್ಚಿದರೆ ನೋಟವೇ ಹೋಗುತ್ತದೆ. ಅದನ್ನು ಅಳೆಯಬೇಕು, ಆದರೆ ಕೂಸು ಅತ್ತರೆ ಒತ್ತಡ ಏರುತ್ತದೆ. ಹಾಗೆಂದು ಅರಿವಳಿಕೆ ಕೊಟ್ಟರೆ, ನಿದ್ದೆ ಆಳವಾದಂತೆ ಒತ್ತಡ ಇಳಿದುಬಿಡುತ್ತದೆ. ಅತ್ತ ದರಿ, ಇತ್ತ ಪುಲಿ. “ಕಣ್ಣು ನಿಜ ಹೇಳೋದು ನಿದ್ದೆ ಹತ್ತಿದ ಮೊದಲ ಒಂದೆರಡು ನಿಮಿಷ ಅಷ್ಟೇ. ಆಮೇಲೆ ಮಾತಾಡೋದೆಲ್ಲ ಔಷಧಿ,” ಎನ್ನುತ್ತಾರೆ. ಅದಕ್ಕೇ ಪ್ರತಿ ಅಂಕಿಯ ಪಕ್ಕ ನಿಮಿಷವನ್ನೂ ಬರೆಯುತ್ತಾರೆ. ಯಾರೂ ಬರೆ ಎಂದದ್ದಿಲ್ಲ, ಓದುವವರೂ ಕಡಿಮೆ.

ಹೋದ ವರ್ಷ ಏಳು ತಿಂಗಳ ಹೆಣ್ಣುಕೂಸೊಂದು ಬಂತು. ಕರಿಗುಡ್ಡೆ ಮಂಜಾಗಿತ್ತು. ನಿದ್ದೆ ಹತ್ತಿದ ಮೇಲೆ ಉಸಿರಾಟ ತುಸು ತೊಡಕಾಗಿ, ಅದನ್ನು ಸರಿಪಡಿಸುವಷ್ಟರಲ್ಲಿ ಹೊತ್ತು ಮೀರಿತು. ಒತ್ತಡ ಹದಿನೆಂಟು, ಅಷ್ಟಿದ್ದರೆ ಭಯವಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರು ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ಬರಲಿ ಎಂದರು. ಹೊರಗೆ ಬೆಂಚಿನ ಮೇಲೆ ತಾಯಿ ಈ ಮಾತಿಗಾಗಿಯೇ ಕಾದು ಕುಳಿತಿದ್ದಳು.

ಅಕ್ಕನದು ವರ್ಷ ವರ್ಷ ಗುತ್ತಿಗೆಯ ಕೆಲಸ, ಡಾಕ್ಟರಿಗೆ ಎದುರಾಡುವುದೆಂದರೆ ಹುಡುಗಾಟವೇ? ಆದರೂ ಬಾಯಿ ಬಿಟ್ಟರು. “ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಇದು ಹನ್ನೊಂದನೇ ನಿಮಿಷದ ಅಂಕಿ. ನಿಜವಾಗ್ಲೂ ಇನ್ನೂ ಹೆಚ್ಚಿರಬಹುದು. ಆರು ತಿಂಗಳಲ್ಲಿ ಕಣ್ಣೇ ಹೋದ್ರೆ?”

ಡಾಕ್ಟರು ಹುಬ್ಬು ಗಂಟಿಕ್ಕಿ ಅಕ್ಕ ಬರೆದಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿದರು. ಮಗುವನ್ನು ಮುಂದಿನ ವಾರವೇ ಕರೆಸಿದರು. ಈ ಸಲ ಮೊದಲ ನಿಮಿಷದಲ್ಲೇ ಅಳೆದಾಗ ಇಪ್ಪತ್ತೊಂಬತ್ತು. ಅಂದೇ ಆಪರೇಷನ್ ಆಯಿತು.

ತಾಯಿಗೆ ಇದೊಂದೂ ಗೊತ್ತಿಲ್ಲ. ಯಾಕೆ ಹೇಳಲಿಲ್ಲ ಎಂದರೆ ಅಕ್ಕ ಕೈಬೀಸಿ ತಳ್ಳಿಹಾಕುತ್ತಾರೆ. “ಹೇಳಿ ಏನಾಗ್ಬೇಕು? ಕಣ್ಣು ಉಳಿಸಿದ್ದು ಡಾಕ್ಟ್ರ ಕೈ.”

ಕೂಸಿಗೆ ಈಗ ಒಂದೂವರೆ ವರ್ಷ. ಎರಡೆರಡು ತಿಂಗಳಿಗೆ ತಪಾಸಣೆ, ಪ್ರತಿ ಸಲ ಅದೇ ಮಾಸ್ಕು. ಮೊನ್ನೆಯೂ ಬಂದಿತ್ತು.

“ವರಾಂಡದ ಆ ತುದೀಲಿ ಅದು, ಈ ತುದೀಲಿ ನಾನು. ನನ್ನ ಕಂಡಿದ್ದೇ ಕಿಟಾರನೆ ಕಿರುಚಿ ಅಮ್ಮನ ಹೆಗಲಿಗೆ ಮುಖ ಒತ್ಕೊಳ್ತು,” ಎನ್ನುತ್ತ ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. “ಅಳಲಿ ಬಿಡಿ. ಅಷ್ಟು ದೂರದಿಂದ ನನ್ನ ಮುಖ ಕಾಣ್ತಲ್ಲ!”