ಮುರಿಗೆಪ್ಪನವರ ಬೆನ್ನಿಗೆ ಕಟ್ಟಿಸಿದ ಸೋರೆಬುರುಡೆ

1963ರ ಬೇಸಿಗೆಯಲ್ಲಿ ನಾನು ದಾವಣಗೆರೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ದಿನವಿಡೀ ಹೊರರೋಗಿಗಳನ್ನು ನೋಡಿ ಮುಗಿಸಿದರೆ ಸಂಜೆ ಡೈರಿಗೆ ಎರಡು ಸಾಲು ಬರೆಯುವಷ್ಟೇ ಕಸುವು ಉಳಿಯುತ್ತಿತ್ತು. ಆ ಸಾಲುಗಳನ್ನು ಆಧಾರವಾಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉಳಿದದ್ದು ನೆನಪು, ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಆನೆಕೊಂಡದ ಹತ್ತಿ ವ್ಯಾಪಾರಿ ಮುರಿಗೆಪ್ಪನವರಿಗೆ ಆಗ ಅರವತ್ತೊಂದು ವರ್ಷ. ಪಾರ್ಕಿನ್ಸನ್ಸ್ ಕಾಯಿಲೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೆದುಳಿನಲ್ಲಿ ಚಲನೆಯನ್ನು ಹದದಲ್ಲಿಡುವ ಭಾಗ ಕೆಡುವ ಈ ಕಾಯಿಲೆಯಲ್ಲಿ ಕೈ ನಡುಗುತ್ತದೆ, ಸ್ನಾಯು ಬಿಗಿಯುತ್ತದೆ, ಬೆನ್ನು ಮುಂದಕ್ಕೆ ಬಾಗುತ್ತದೆ. ನನ್ನಲ್ಲಿದ್ದ ಮಾತ್ರೆಗಳಿಂದ ಅವರ ಬಾಯಿ ಒಣಗಿತೇ ಹೊರತು ನಡುಕ ನಿಲ್ಲಲಿಲ್ಲ. ಎಡ ಅಂಗೈಯಲ್ಲಿಟ್ಟ ಇಷ್ಟಲಿಂಗ ಎರಡು ಸಲ ಜಾರಿ ಬಿದ್ದ ಮೇಲೆ ಅವರು ಪೂಜೆಗೆ ಕೂರುವುದನ್ನೇ ಬಿಟ್ಟಿದ್ದರು. ಪೂಜೆಯಾಗದೆ ಉಣ್ಣುವ ಮನುಷ್ಯ ಅವರಲ್ಲ. ಹೆಂಡತಿ ಗಿರಿಜಮ್ಮ ಕಾಡಿಬೇಡಿ ಎರಡು ತುತ್ತು ಗಂಜಿ ಕುಡಿಸುತ್ತಿದ್ದರು.

ಬಿಗಿದ ಮೈ ನೀರಿನಲ್ಲಿ ಸಡಿಲವಾಗಬಹುದೆಂದು ಊಹಿಸಿ, ಅವರ ತೋಟದ ಬಾವಿಯ ಮೆಟ್ಟಿಲ ಮೇಲೆ ಸೊಂಟದುದ್ದ ನೀರಿನಲ್ಲಿ ಕೈಕಾಲು ಆಡಿಸಲು ಹೇಳಿದೆ. ಯಾವ ಪುಸ್ತಕದಲ್ಲೂ ಇದನ್ನು ಓದಿರಲಿಲ್ಲ. ಎರಡು ವಾರದಲ್ಲಿ, ನೀರಿನಿಂದ ಎದ್ದ ಮೇಲಿನ ಅರ್ಧ ಗಂಟೆ, ಅವರ ಕೈ ಪೂಜೆಗೆ ಒದಗತೊಡಗಿತು. ಕೈ ಪೂರ್ತಿ ಸ್ಥಿರವಾಯಿತೆಂದು ನನ್ನ ನೆನಪು. ಡೈರಿಯಲ್ಲಿ ‘ನಡುಕ ಸ್ವಲ್ಪ ಕಡಿಮೆ’ ಎಂದಷ್ಟೇ ಇದೆ. ಡೈರಿಯನ್ನೇ ನಂಬುತ್ತೇನೆ.

ಆಮೇಲೆ ಅವರು ಈಜುತ್ತೇನೆಂದರು. ಮಕ್ಕಳಿಗೆ ಕಲಿಸುವಾಗ ಮಾಡುವಂತೆ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡರೆ ಮಾತ್ರ ಅಡ್ಡಿಯಿಲ್ಲ ಎಂದೆ.

“ಅರ್ಧ ಓಣಿಗೆ ಈಜು ಕಲಿಸಿದೋನು ನಾನು. ನನಗ ಬುರುಡೆ ಕಟ್ಟಸ್ತೀರಾ, ಡಾಕ್ಟ್ರೇ? ಹಂಗಾರೆ ತೊಟ್ಲಾಗೂ ಮಲಗಿಸ್ರಿ.”

ನಾನು ಪಟ್ಟು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಅವರ ತಮ್ಮ ಈರಣ್ಣ ಎರಡು ಬುರುಡೆ ಕಟ್ಟಿದ. ಮುರಿಗೆಪ್ಪನವರು ಬೋರಲಾಗಿ ನೀರಿಗೆ ಬಿದ್ದರು. ಮಕ್ಕಳಾದರೆ ಕತ್ತು ತಾವೇ ಎತ್ತುತ್ತಾರೆ. ಇವರ ಬಾಗಿದ ಬೆನ್ನನ್ನು ಬುರುಡೆಗಳು ಮೇಲಕ್ಕೆತ್ತಿದವು, ಮುಖ ನೀರಿನೊಳಗೆ ಹೋಯಿತು. ಕೈಕಾಲು ಬಡಿಯಲಿಲ್ಲ. ಹಳೆಯ ಈಜುಗಾರ ಉಸಿರು ಕಟ್ಟಿ ಆಟ ತೋರಿಸುತ್ತಿದ್ದಾರೆಂದುಕೊಂಡು ನಾನು ವಾಚು ನೋಡುತ್ತಾ ನಿಂತಿದ್ದೆ. ಈರಣ್ಣ ಹಾರಿ ಅವರನ್ನು ಎತ್ತಿ ತಂದ. ಎಷ್ಟು ಹೊತ್ತು ನಿಂತಿದ್ದೆನೆಂಬುದನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಅವರು ಕೆಮ್ಮಿ ನೀರು ಕಾರಿ ಉಸಿರಾಡತೊಡಗಿದ ಮೇಲೆ, ಬಾವಿಯ ದಂಡೆಯಲ್ಲಿದ್ದ ಗಿರಿಜಮ್ಮ ನನ್ನತ್ತ ತಿರುಗಿದರು.

“ನಿಮಗ ಈಜು ಬರ್ತೈತೇನ್ರಿ?”

“ಇಲ್ಲಮ್ಮ.”

“ಮತ್ತ ಯಾರನ್ನ ಕೇಳಿ ಕಟ್ಟಿಸಿದ್ರಿ?”

ಬಾವಿ ಬಂದಾಯಿತು, ಪೂಜೆ ನಿಂತಿತು, ಊಟವೂ ನಿಂತಿತು. ಹತ್ತು ದಿನದ ಮೇಲೆ ಗಿರಿಜಮ್ಮನೇ ಆಸ್ಪತ್ರೆಗೆ ಬಂದು, ನಾನೂ ಜೊತೆಗೆ ನೀರಿಗಿಳಿಯುವುದಾದರೆ ಗಂಡನನ್ನು ಕಳಿಸುತ್ತೇನೆ ಎಂದರು.

ಮುಂದಿನ ಭಾನುವಾರ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಬೇಸಿಗೆಯ ಹೊಳೆಯಲ್ಲಿ ಸೊಂಟದುದ್ದ ನೀರಿತ್ತು. ಮೊದಲು ನನ್ನ ಬೆನ್ನಿಗೇ ಬುರುಡೆ ಕಟ್ಟಿಸಿಕೊಂಡೆ. ಮೈ ಬಾಗಿಸಿ ಬೋರಲಾದ ಕೂಡಲೇ ಮೂಗಿಗೆ ನೀರು ನುಗ್ಗಿತು. ಮುರಿಗೆಪ್ಪನವರು ನಡುಗುವ ಕೈಯನ್ನು ನನ್ನ ಗದ್ದದ ಕೆಳಗಿಟ್ಟು ಎತ್ತಿದರು.

“ಕತ್ತು ಎತ್ರಿ ಡಾಕ್ಟ್ರೇ, ಹೊಳಿಗೆ ಸಲಾಂ ಹೊಡೀತೀರೇನು?”

ಬುರುಡೆಗಳನ್ನು ಎರಡೂ ಕಂಕುಳ ಕೆಳಗೆ ಎದೆಗೆ ಕಟ್ಟಿಕೊಂಡಾಗ ಮುಖ ಮೇಲೆ ನಿಂತಿತು. ಅದೇ ಕಟ್ಟನ್ನು ಅವರಿಗೂ ಕಟ್ಟಿ, ಕೈ ಹಿಡಿದು ನೀರಿನಲ್ಲಿ ನಡೆಸಿದೆ. ಆಮೇಲೆ ಅವರು ಮೆಟ್ಟಿಲ ಮೇಲೆ ಕುಳಿತು ಪೂಜೆ ಮುಗಿಸಿ, ಬುತ್ತಿಯ ರೊಟ್ಟಿ ಪೂರಾ ತಿಂದರು.

ಎರಡು ಬೇಸಿಗೆ ಹೀಗೆ ನಡೆಯಿತು. ಮೂರನೆಯದಕ್ಕೆ ನೀರೂ ಕೈಬಿಟ್ಟಿತು. ಆಗ ಗಿರಿಜಮ್ಮ ಗಂಡನ ಅಂಗೈಯ ಕೆಳಗೆ ತಮ್ಮ ಅಂಗೈ ಒಡ್ಡಿ ಕೂರುತ್ತಿದ್ದರು. ಎರಡೂ ಕೈ ನಡುಗುತ್ತಿದ್ದವು, ಲಿಂಗ ಮಾತ್ರ ಜಾರಲಿಲ್ಲ. ಮುರಿಗೆಪ್ಪನವರು ತೀರಿಕೊಂಡ ದಿನವೂ ಪೂಜೆಯಾಗಿತ್ತಂತೆ.

ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಔಷಧದ ಚೀಟಿ ಬರೆದೆ. ನನ್ನ ಮೈಮೇಲೆ ಮಾಡಿ ನೋಡಬಹುದಾದದ್ದನ್ನು ನೋಡದೆ ಯಾರಿಗೂ ಹೇಳಲಿಲ್ಲ; ಉಳಿದದ್ದನ್ನು ಬರೆಯುವ ಮುನ್ನ ಗೊತ್ತಿದ್ದವರನ್ನು ಕೇಳಿದೆ. ಅದರಿಂದ ಒಳ್ಳೆಯ ವೈದ್ಯನಾದೆನೆಂದು ಹೇಳಲಾರೆ. ನಿಧಾನದವನಾದೆ. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು, ಗೊಣಗಲಿ ಎಂದು ಬಿಟ್ಟೆ.